ಎಲೆ, ಆಟ ಮತ್ತು ಗ್ರಂಥ: ರುಡಾಲ್ಫ್ ಫಾನ್ ಲೇಡನ್ ಅವರ ಗಂಜೀಫಾ ಅಧ್ಯಯನ

1. ಪ್ರವೇಶ

ಜನಪದ ಆಟಗಳ ಅಧ್ಯಯನ ಕನ್ನಡಕ್ಕೆ ಹೊಸದಲ್ಲ. ಮಕ್ಕಳ ಆಟಗಳು, ಅವುಗಳೊಡನೆ ಸಾಗಿಬರುವ ಪ್ರಾಸಪದಗಳು, ಹಬ್ಬಹರಿದಿನಗಳಲ್ಲಿ ಮಾತ್ರ ಆಡುವ ಆಟಗಳು, ಅವುಗಳ ನಿಯಮ ಹಾಗೂ ಸೋಲುಗೆಲುವಿನ ಲೆಕ್ಕಾಚಾರ ಇವೆಲ್ಲ ನಮ್ಮ ಕ್ಷೇತ್ರಕಾರ್ಯದ ವ್ಯಾಪ್ತಿಗೆ ಸೇರಿಕೊಂಡು ಬಹುಕಾಲವಾಯಿತು. ಆದರೆ ಆಟದ ಸಲಕರಣೆಯ ಮೇಲೆ ಇರುವ ಚಿತ್ರ, ಬಣ್ಣ, ಗುರುತು, ಅಂಚು ಇವುಗಳನ್ನು ಆಟದ ಪಠ್ಯದ ಭಾಗವೆಂದು ಪರಿಗಣಿಸಿದ ಅಧ್ಯಯನಗಳು ವಿರಳ. ಸಲಕರಣೆಯನ್ನು ಒಂದು ವಾಕ್ಯದಲ್ಲಿ ವರ್ಣಿಸಿ ಮುಂದೆ ಸಾಗುವುದು ನಮ್ಮ ರೂಢಿ. ಇತ್ತ ಕಲಾ ಇತಿಹಾಸಕಾರರು ಅದೇ ಸಲಕರಣೆಯನ್ನು ಕಿರುಚಿತ್ರವೆಂದು, ದಂತಕೆಲಸವೆಂದು, ಅರಗಿನ ಕೆಲಸವೆಂದು ಸೂಕ್ಷ್ಮವಾಗಿ ನೋಡಿದರೂ ಅದನ್ನು ಕೈಯಲ್ಲಿ ಹಿಡಿದು ಆಡುತ್ತಿದ್ದರೆಂಬ ಸಂಗತಿಯನ್ನು ಬಹುಮಟ್ಟಿಗೆ ಮರೆತಿದ್ದಾರೆ. ಹೀಗೆ ಒಂದೇ ವಸ್ತು ಎರಡು ಶಿಸ್ತುಗಳ ನಡುವೆ ಹಂಚಿಹೋಗಿದೆ.

ಈ ಎರಡು ನೋಟಗಳನ್ನು ಒಂದೆಡೆ ತಂದವರಲ್ಲಿ ರುಡಾಲ್ಫ್ ಫಾನ್ ಲೇಡನ್ ಪ್ರಮುಖರು. ಅವರು ವೃತ್ತಿಯಿಂದ ಜಾನಪದ ವಿದ್ವಾಂಸರೂ ಅಲ್ಲ, ವಸ್ತುಸಂಗ್ರಹಾಲಯದ ಅಧಿಕಾರಿಯೂ ಅಲ್ಲ. ಮುಂಬಯಿಯಲ್ಲಿ ಜಾಹೀರಾತು ಮತ್ತು ಮುದ್ರಣ ವಿನ್ಯಾಸದ ಕೆಲಸದಿಂದ ಜೀವನ ನಡೆಸಿದವರು; ಇಂದಿನ ಮಾತಿನಲ್ಲಿ ಹೇಳುವುದಾದರೆ ಗ್ರಾಫಿಕ್ ವಿನ್ಯಾಸಕಾರರು. ಭಾರತದ ಆಟದೆಲೆಗಳನ್ನು ಕುರಿತ ಅವರ ಎರಡು ಪುಸ್ತಕಗಳಲ್ಲಿ ಮೊದಲನೆಯದು ಸಂಪೂರ್ಣವಾಗಿ ಮೈಸೂರಿಗೆ ಮೀಸಲಾದುದು. ಆ ಕಾರಣದಿಂದ ಅವರ ವೃತ್ತಿಜೀವನವು ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಗೂ ಸಂಬಂಧಪಟ್ಟಿದೆ. ವಿನ್ಯಾಸಕಾರನ ಕಣ್ಣು ಆಟದೆಲೆಯಲ್ಲಿ ಏನನ್ನು ಗುರುತಿಸಿತು, ಯಾವುದು ಅದರ ಹಿಡಿತಕ್ಕೆ ಸಿಗದೆ ಉಳಿಯಿತು, ಉಳಿದುದನ್ನು ಪೂರೈಸುವ ಹೊಣೆ ಜಾನಪದ ಅಧ್ಯಯನಕ್ಕೆ ಏಕೆ ಸೇರಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ವಾಣಿಜ್ಯ ಕಲೆಯಿಂದ ಆಟದೆಲೆಯವರೆಗೆ

ಲೇಡನ್ ಅವರು 1908ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದರು. ಅವರು ಓದಿದ್ದು ಭೂವಿಜ್ಞಾನ. ಅದರಲ್ಲಿಯೇ ಡಾಕ್ಟರೇಟ್ ಪದವಿಯನ್ನೂ ಪಡೆದರು. ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಅವರು ದೇಶ ಬಿಟ್ಟು ಮುಂಬಯಿಗೆ ಬಂದರು. ಅವರ ಸಹೋದರ ಆಲ್ಬ್ರೆಕ್ಟ್ ಆಗಲೇ ಅಲ್ಲಿ ನೆಲೆಸಿದ್ದರು. ಓದಿದ ವಿದ್ಯೆ ಅಲ್ಲಿ ಅನ್ನಕ್ಕೆ ದಾರಿಯಾಗಲಿಲ್ಲ; ಹವ್ಯಾಸವಾಗಿದ್ದ ಚಿತ್ರಕಲೆ ದಾರಿಯಾಯಿತು. ಅವರು ಮುಂಬಯಿಯಲ್ಲಿ ವಾಣಿಜ್ಯ ಕಲೆಯ ಸ್ಟುಡಿಯೋ ಒಂದನ್ನು ಆರಂಭಿಸಿದರು. ಅನಂತರ ಟೈಮ್ಸ್ ಆಫ್ ಇಂಡಿಯಾ ಬಳಗವನ್ನು ಸೇರಿ ಕಲಾವಿಮರ್ಶೆ ಬರೆದರು. ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ 'ಡೆನ್ಲಿ' ಎಂಬ ಅಂಕಿತದಲ್ಲಿ ವ್ಯಂಗ್ಯಚಿತ್ರಗಳನ್ನೂ ರಚಿಸಿದರು. 1950ರ ದಶಕದಲ್ಲಿ ಅವರು ವೋಲ್ಕಾರ್ಟ್ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆಯೂ ಟಾಟಾ ಸಂಸ್ಥೆಯೂ ಕೂಡಿ 1954ರಲ್ಲಿ ವೋಲ್ಟಾಸ್ ಸ್ಥಾಪನೆಯಾದಾಗ ಅದರಲ್ಲಿ ಮುಂದುವರಿದರು.

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಲೇಡನ್ ಅವರ ಹೆಸರು ಬರುವುದು ಬೇರೆಯೇ ಕಾರಣಕ್ಕೆ. 1947ರಲ್ಲಿ ಎಫ್.ಎನ್. ಸೂಜಾ, ಎಸ್.ಎಚ್. ರಜಾ, ಎಂ.ಎಫ್. ಹುಸೇನ್, ಕೆ.ಎಚ್. ಆರಾ, ಎಚ್.ಎ. ಗಾಡೆ, ಎಸ್.ಕೆ. ಬಾಕ್ರೆ ಇವರು ಕೂಡಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದಾಗ ಅವರ ಬೆನ್ನಿಗೆ ನಿಂತ ಮೂವರು ಮಧ್ಯ ಯೂರೋಪಿನ ವಲಸಿಗರಲ್ಲಿ ಲೇಡನ್ ಒಬ್ಬರು. ಟೈಮ್ಸ್ ಆಫ್ ಇಂಡಿಯಾದ ಕಲಾನಿರ್ದೇಶಕ ವಾಲ್ಟರ್ ಲಾಂಗ್‌ಹ್ಯಾಮರ್ ಮತ್ತು ಚಿತ್ರಸಂಗ್ರಾಹಕ ಇಮ್ಯಾನುಯೆಲ್ ಶ್ಲೆಸಿಂಗರ್ ಉಳಿದ ಇಬ್ಬರು. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ನೆಲೆನಿಂತು ಬೆಳೆದುದು ಇದೇ ಕಾಲದ ಮುಂಬಯಿ ಕಲಾವಲಯದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಹೊಸ ಚಿತ್ರಕಲೆಯ ಪರವಾಗಿ ವಾದಿಸುತ್ತಿದ್ದ ವಿಮರ್ಶಕರೊಬ್ಬರು ಅದೇ ವೇಳೆಗೆ ಸಂತೆಯಲ್ಲಿ ಮಾರುವ ಅಂಗೈಯಗಲದ ಬಟ್ಟೆಯ ಎಲೆಗಳನ್ನು ಕೂಡಿಹಾಕುತ್ತಿದ್ದರು ಎಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಅವರ ವೃತ್ತಿಯ ಸ್ವರೂಪವನ್ನು ಗಮನಿಸಿದರೆ ಇದರಲ್ಲಿ ವೈಚಿತ್ರ್ಯವೇನೂ ಕಾಣುವುದಿಲ್ಲ. ಜಾಹೀರಾತು ವಿನ್ಯಾಸಕಾರನ ಮುಂದಿರುವ ಪ್ರಶ್ನೆ ಒಂದೇ: ಸಣ್ಣ ಜಾಗದಲ್ಲಿ, ಕೆಲವೇ ಬಣ್ಣಗಳಲ್ಲಿ, ನೋಡುವವನಿಗೆ ಒಂದು ಕ್ಷಣದಲ್ಲಿ ಅರ್ಥವಾಗುವಂತೆ ಗುರುತೊಂದನ್ನು ಹೇಗೆ ಕಟ್ಟಬೇಕು? ಆಟದೆಲೆಯನ್ನು ಬರೆಯುವ ಚಿತ್ರಗಾರನ ಮುಂದಿರುವುದೂ ಇದೇ ಪ್ರಶ್ನೆ.

ಭಾರತದಲ್ಲಿ ನಾಲ್ಕು ದಶಕಗಳಷ್ಟು ಕಾಲ ಕಳೆದ ಲೇಡನ್ ಅವರು ತಮ್ಮ ಕೊನೆಯ ವರ್ಷಗಳನ್ನು ವಿಯೆನ್ನಾದಲ್ಲಿ ಕಳೆದು 1983ರಲ್ಲಿ ನಿಧನರಾದರು. 1973ರಲ್ಲಿ ವಿಯೆನ್ನಾದಿಂದ ಮೈಸೂರಿನ ಛದ ಆಟದೆಲೆಗಳನ್ನು ಕುರಿತ ಅವರ ಪುಸ್ತಕ ಹೊರಬಂದಿತು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅವರ 'ಗಂಜೀಫಾ' ಗ್ರಂಥವನ್ನು ಪ್ರಕಟಿಸಿತು. ಇದು ಭಾರತದ ಆಟದೆಲೆಗಳ ಸಮಗ್ರ ಸಮೀಕ್ಷೆ. ಜೊತೆಗೆ ಆ ಸಂಗ್ರಹಾಲಯದಲ್ಲಿರುವ ಎಲೆಗಳ ವಿವರಣಾತ್ಮಕ ಸೂಚಿಯನ್ನೂ ಒಳಗೊಂಡಿದೆ. ಈ ಗ್ರಂಥದಲ್ಲಿ ಆಟದ ಕ್ರಮವನ್ನು ಕುರಿತು ಬರೆದವರು ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೇಲ್ ಡಮೆಟ್. ಎಲೆಯ ರೂಪವನ್ನು ಬಲ್ಲವರೂ ಆಟದ ತರ್ಕವನ್ನು ಬಲ್ಲವರೂ ಒಂದೇ ಪುಸ್ತಕದಲ್ಲಿ ಕೂಡಿಕೊಂಡದ್ದು ಆಕಸ್ಮಿಕವಲ್ಲ. ಒಂದನ್ನು ಬಿಟ್ಟು ಇನ್ನೊಂದು ಪೂರ್ಣವಾಗದು ಎಂಬ ಅರಿವು ಆ ಪುಸ್ತಕದ ರಚನೆಯಲ್ಲಿಯೇ ಇದೆ.

3. ಗಂಜೀಫಾ: ಗುರುತುಗಳ ವ್ಯಾಕರಣ

ಲೇಡನ್ ಅವರ ಸಾಧನೆಯನ್ನು ಅರಿಯಲು ಗಂಜೀಫಾ ಆಟದ ಸ್ಥೂಲ ಪರಿಚಯ ಅಗತ್ಯ. 'ಗಂಜೀಫಾ' ಪರ್ಷಿಯನ್ ಮೂಲದಿಂದ ಬಂದ ಮಾತು. ಭಾರತದಲ್ಲಿ ಈ ಆಟದ ಬಗೆಗೆ ದೊರೆಯುವ ಮೊದಲ ಖಚಿತ ಉಲ್ಲೇಖ ಬಾಬರನ ಆತ್ಮಕಥೆಯದು. ಸಿಂಧ್ ಪ್ರಾಂತದ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟುದನ್ನು ಬಾಬರ್ 1527ರ ದಿನಚರಿಯಲ್ಲಿ ದಾಖಲಿಸಿದ್ದಾನೆ. ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ಹನ್ನೆರಡು ರಂಗುಗಳ 144 ಎಲೆಗಳ ಕಟ್ಟಿನ ವರ್ಣನೆ ಇದೆ. ಮುಂದೆ ಹೆಚ್ಚು ಬಳಕೆಗೆ ಬಂದುದು ಎಂಟು ರಂಗುಗಳ 96 ಎಲೆಗಳ ಕಟ್ಟು. ಇದನ್ನು ಮೊಗಲ್ ಗಂಜೀಫಾ ಎನ್ನುತ್ತಾರೆ. ಕಿರೀಟ, ಬೆಳ್ಳಿನಾಣ್ಯ, ಕತ್ತಿ, ಗುಲಾಮ, ವೀಣೆಯಂತಹ ವಾದ್ಯ, ಚಿನ್ನದ ನಾಣ್ಯ, ಸನದು ಪತ್ರ, ಸರಕು ಇವು ಅದರ ಎಂಟು ಗುರುತುಗಳು. ಒಂದು ಆಸ್ಥಾನಕ್ಕೆ ಬೇಕಾದ ಇಲಾಖೆಗಳೆಲ್ಲ ಈ ಎಂಟರಲ್ಲಿ ಬಂದುಬಿಡುತ್ತವೆ.

ಈ ಚೌಕಟ್ಟಿನೊಳಕ್ಕೆ ವಿಷ್ಣುವಿನ ಹತ್ತು ಅವತಾರಗಳನ್ನು ತಂದುದರಿಂದ ದಶಾವತಾರ ಗಂಜೀಫಾ ರೂಪುಗೊಂಡಿತು. ಹತ್ತು ರಂಗು, ರಂಗಿಗೆ ಹನ್ನೆರಡರಂತೆ 120 ಎಲೆ. ಪ್ರತಿ ರಂಗಿನಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕೆಯ ಎಲೆಗಳು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ವಾಮನನಿಗೆ ಕಮಂಡಲ, ಪರಶುರಾಮನಿಗೆ ಕೊಡಲಿ ಹೀಗೆ ಗುರುತುಗಳು ಏರ್ಪಟ್ಟವು. ಪ್ರದೇಶದಿಂದ ಪ್ರದೇಶಕ್ಕೆ ಇವು ಬದಲಾಗುತ್ತವೆ. ರಾಮನ ರಂಗಿಗೆ ಒಂದೆಡೆ ಬಾಣ ಗುರುತಾದರೆ ಇನ್ನೊಂದೆಡೆ ಕೋತಿ. ಒಂಬತ್ತನೆಯ ಅವತಾರ ಕೆಲವೆಡೆ ಬುದ್ಧ, ಕೆಲವೆಡೆ ಜಗನ್ನಾಥ, ಮತ್ತೆ ಕೆಲವೆಡೆ ಬಲರಾಮ. ಆಟದ ನಿಯಮ ಮಾತ್ರ ಹೆಚ್ಚು ಬದಲಾಗದೆ ಉಳಿದಿದೆ. ಜಾನಪದ ಅಧ್ಯಯನಕಾರರಿಗೆ ಇದು ಪರಿಚಿತ ಸ್ಥಿತಿ. ಕಥೆಯ ಆಶಯ ಸ್ಥಿರವಾಗಿದ್ದು ಪಾತ್ರಗಳ ಹೆಸರು ಊರಿಂದೂರಿಗೆ ಬದಲಾಗುವಂತೆ ಇಲ್ಲಿ ನಿಯಮ ಸ್ಥಿರ, ಚಿತ್ರ ಚಲ.

ಆಡುವ ಕ್ರಮದಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದಾಗಿ, ಅರ್ಧದಷ್ಟು ರಂಗುಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಒಂದು ಎಲ್ಲಕ್ಕಿಂತ ಸಣ್ಣದು. ಉಳಿದ ಅರ್ಧದಲ್ಲಿ ಇದು ತಲೆಕೆಳಗಾಗಿ ಒಂದು ದೊಡ್ಡದು, ಹತ್ತು ಸಣ್ಣದು. ಎರಡನೆಯದಾಗಿ, ಆಟವನ್ನು ಯಾರು ಆರಂಭಿಸಬೇಕೆಂಬುದನ್ನು ಹೊತ್ತು ನಿರ್ಧರಿಸುತ್ತದೆ. ಮೊಗಲ್ ಕಟ್ಟಿನಲ್ಲಿ ಹಗಲಾದರೆ ಚಿನ್ನದ ನಾಣ್ಯದ ರಾಜ ಹಿಡಿದವನು, ಇರುಳಾದರೆ ಬೆಳ್ಳಿನಾಣ್ಯದ ರಾಜ ಹಿಡಿದವನು ಆರಂಭಿಸುತ್ತಾನೆ. ದಶಾವತಾರದಲ್ಲಿ ಹಗಲಿಗೆ ರಾಮ, ಇರುಳಿಗೆ ಕೃಷ್ಣ. ಸಾಮಾನ್ಯವಾಗಿ ಆಡುವವರು ಮೂವರು. ಬಂಗಾಳದ ಬಿಷ್ಣುಪುರದಲ್ಲಿ ಐವರು. ಇಸ್ಪೀಟಿನಲ್ಲಿರುವ ತುರುಫು ಇದರಲ್ಲಿಲ್ಲ. ಬಿದ್ದುಹೋದ ಎಲೆಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದರ ಮೇಲೆಯೇ ಗೆಲುವು ನಿಂತಿದೆ.

ಈ ನಿಯಮಗಳಿಗೂ ಎಲೆಯ ವಿನ್ಯಾಸಕ್ಕೂ ಇರುವ ಸಂಬಂಧವನ್ನು ವಿನ್ಯಾಸಕಾರನ ನೆಲೆಯಿಂದ ನೋಡಬೇಕು. ಗಂಜೀಫಾ ಎಲೆ ಬಹುಮಟ್ಟಿಗೆ ದುಂಡಗಿನದು. ಮೂವರು ಆಡುವಾಗ 120 ಎಲೆಗಳಲ್ಲಿ ಒಬ್ಬೊಬ್ಬನ ಪಾಲಿಗೆ 40 ಎಲೆ ಬರುತ್ತವೆ. ಇಷ್ಟು ಎಲೆಗಳನ್ನು ಜೋಡಿಸಿ ಹಿಡಿದಾಗ ಒಂದೊಂದರಲ್ಲೂ ಕಾಣುವುದು ಅಂಚಿನ ಒಂದು ಸಣ್ಣ ತುಣುಕು ಮಾತ್ರ. ಆದ್ದರಿಂದಲೇ ಪ್ರತಿ ರಂಗಿಗೂ ಪ್ರತ್ಯೇಕವಾದ ಹಿನ್ನೆಲೆಯ ಬಣ್ಣವಿರುತ್ತದೆ. 'ರಂಗು' ಎಂಬ ಹೆಸರು ಅಲಂಕಾರಕ್ಕೆ ಬಂದುದಲ್ಲ. ಆಟಗಾರನು ಎಲೆಯನ್ನು ಗುರುತಿಸುವುದೇ ಬಣ್ಣದಿಂದ. ರಾಜನು ಆನೆಯ ಮೇಲೋ ಸಿಂಹಾಸನದ ಮೇಲೋ ಕುಳಿತಿದ್ದರೆ ಮಂತ್ರಿ ಕುದುರೆಯ ಮೇಲೆ ಬರುತ್ತಾನೆ. ಮುಖ ನೋಡದೆಯೇ ವಾಹನದಿಂದ ಪದವಿ ತಿಳಿಯುತ್ತದೆ. ಎಲ್ಲ ಎಲೆಗಳ ಬೆನ್ನು ಒಂದೇ ಬಣ್ಣದಲ್ಲಿರುವುದೂ ಆಟದ ಅಗತ್ಯವೇ. ಹೀಗೆ ಕಲಾರಸಿಕನು ಸೌಂದರ್ಯವೆಂದು ಭಾವಿಸುವ ಹಲವು ಅಂಶಗಳ ಮೂಲ ಆಟಗಾರನ ಅನುಕೂಲದಲ್ಲಿದೆ.

ತಯಾರಿಕೆಯ ದೃಷ್ಟಿಯಿಂದ ಗಂಜೀಫಾವನ್ನು ಎರಡು ಬಗೆಯಾಗಿ ವಿಂಗಡಿಸುವುದುಂಟು. ಆನೆಯ ದಂತ, ಆಮೆಯ ಚಿಪ್ಪು ಮೊದಲಾದ ಬೆಲೆಯುಳ್ಳ ವಸ್ತುಗಳ ಮೇಲೆ ಆಸ್ಥಾನಕ್ಕಾಗಿ ಬರೆದುದು ದರ್ಬಾರ್ ಕಲಮ್. ಬಟ್ಟೆ ಅಥವಾ ಕಾಗದದ ಪದರಗಳನ್ನು ಹುಣಸೆ ಬೀಜದ ಅಂಟಿನಿಂದ ಗಟ್ಟಿಗೊಳಿಸಿ, ಸುಣ್ಣದ ಪುಡಿಯ ಲೇಪ ಕೊಟ್ಟು, ಬಣ್ಣ ಬರೆದು, ಅರಗಿನ ಹೊಳಪು ನೀಡಿ ಪೇಟೆಯಲ್ಲಿ ಮಾರಿದುದು ಬಜಾರ್ ಕಲಮ್. ಕನ್ನಡದ ಚಿಂತನೆಯಲ್ಲಿ ನೆಲೆಯೂರಿರುವ ಮಾರ್ಗ ಮತ್ತು ದೇಸಿ ಎಂಬ ಜೋಡಿಯನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬಹುದು. ಇವೆರಡೂ ಒಂದಕ್ಕೊಂದು ವಿರುದ್ಧವಾದ ಲೋಕಗಳಲ್ಲ. ಒಂದೇ ನಿಯಮ, ಒಂದೇ ಗುರುತು ಎರಡರಲ್ಲಿಯೂ ಓಡಾಡುತ್ತವೆ. ದಂತದ ಎಲೆಯಲ್ಲಿ ನವಿರಾಗಿ ಮೂಡಿದ ಮೀನು ಬಟ್ಟೆಯ ಎಲೆಯಲ್ಲಿ ಎರಡು ಗೆರೆ ಮತ್ತು ಒಂದು ಚುಕ್ಕೆಯಾಗುತ್ತದೆ. ಆಟಗಾರನಿಗೆ ಎರಡೂ ಮೀನೇ. ಹತ್ತು ಗೆರೆಗಳಲ್ಲಿ ಹೇಳುವುದನ್ನು ಎರಡು ಗೆರೆಗಳಲ್ಲಿ ಹೇಳಬಲ್ಲ ಚಿತ್ರಗಾರನ ಕಸಬುದಾರಿಕೆ ಎಂತಹದೆಂಬುದನ್ನು ಜಾಹೀರಾತಿನ ಕೆಲಸದಲ್ಲಿ ಪಳಗಿದವರು ಸುಲಭವಾಗಿ ಅರಿಯಬಲ್ಲರು.

4. ಮೈಸೂರಿನ ಛದ: ಗ್ರಂಥದೊಳಗಿನ ಆಟ

ಮೈಸೂರಿನ ಎಲೆಗಳು ಈ ಸಾಮಾನ್ಯ ಚೌಕಟ್ಟನ್ನು ಮೀರುತ್ತವೆ. ಇವುಗಳ ಹಿಂದಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರು (1794-1868). 1799ರಲ್ಲಿ ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡರು. ಆ ಬಳಿಕ ಅರಮನೆಯು ರಾಜ್ಯಾಡಳಿತದ ಕೇಂದ್ರವಾಗಿ ಉಳಿಯದಿದ್ದರೂ ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಕೇಂದ್ರವಾಗಿ ಬೆಳೆಯಿತು. ಈ ಪರಿಸರದಲ್ಲಿ ಸಿದ್ಧವಾದ ಬೃಹತ್ ಸಚಿತ್ರ ಕೋಶವೇ 'ಶ್ರೀತತ್ತ್ವನಿಧಿ'. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ, ಕೌತುಕನಿಧಿ ಎಂಬ ಒಂಬತ್ತು ನಿಧಿಗಳಾಗಿ ಅದು ವಿಂಗಡಣೆಗೊಂಡಿದೆ. ದೇವತೆಗಳ ಧ್ಯಾನಶ್ಲೋಕಗಳು ಮತ್ತು ಅವುಗಳಿಗೆ ಅನುಗುಣವಾದ ವರ್ಣಚಿತ್ರಗಳು ಅದರ ಮುಖ್ಯ ಸಾಮಗ್ರಿ.

ಆಟದೆಲೆಗಳ ವಿವರ ಬರುವುದು ಕೊನೆಯದಾದ ಕೌತುಕನಿಧಿಯಲ್ಲಿ. ಈ ಭಾಗದ ಇನ್ನೊಂದು ವಿಷಯ 122 ಯೋಗಾಸನಗಳ ಸಚಿತ್ರ ವಿವರಣೆ. 1996ರಲ್ಲಿ ಎನ್.ಇ. ಶೋಮನ್ ಅವರು ಆ ಆಸನಗಳ ಭಾಗವನ್ನು ಪ್ರಕಟಿಸಿದ ಮೇಲೆ ಯೋಗದ ಚರಿತ್ರೆಯಲ್ಲಿ ಆಸಕ್ತಿಯುಳ್ಳವರೆಲ್ಲ ಕೌತುಕನಿಧಿಯ ಹೆಸರನ್ನು ಅರಿತರು. ಅದೇ ನಿಧಿಯಲ್ಲಿರುವ ಆಟಗಳನ್ನು ಕುರಿತು ಅದಕ್ಕೂ ಎರಡು ದಶಕಗಳಿಗೂ ಹಿಂದೆಯೇ ಲೇಡನ್ ಅವರ ಪುಸ್ತಕ ಬಂದಿದ್ದರೂ ಕನ್ನಡದ ವಿದ್ವತ್ ವಲಯದಲ್ಲಿ ಅದಕ್ಕೆ ದೊರೆಯಬೇಕಾದಷ್ಟು ಗಮನ ದೊರೆಯಲಿಲ್ಲ.

ಮುಮ್ಮಡಿಯವರು ಈ ಆಟಗಳಿಗೆ 'ಛದ' ಎಂಬ ಹೆಸರನ್ನು ಬಳಸಿದ್ದಾರೆ. ಸಂಸ್ಕೃತದಲ್ಲಿ ಛದ ಎಂದರೆ ಎಲೆ, ಹೊದಿಕೆ. ಕನ್ನಡದ ಆಡುಮಾತಿನಲ್ಲಿಯೂ ಇಸ್ಪೀಟಿನ ಹಾಳೆಗೆ 'ಎಲೆ' ಎಂದೇ ಹೆಸರು. ಎಲೆ ಹಾಕುವುದು, ಎಲೆ ಇಳಿಸುವುದು, ಎಲೆ ಕಲಸುವುದು ಎಂಬ ಬಳಕೆಗಳು ಇಂದಿಗೂ ಇವೆ. ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ, ದಿಕ್ಪಾಲ ಛದ, ಕೃಷ್ಣರಾಜ ಛದ ಮುಂತಾಗಿ ಹತ್ತಕ್ಕೂ ಹೆಚ್ಚು ಬಗೆಗಳು ಇದರಲ್ಲಿವೆ. ಸಾಮಾನ್ಯ ಗಂಜೀಫಾದಲ್ಲಿ ರಂಗಿಗೆ ಹನ್ನೆರಡು ಎಲೆ ಇದ್ದರೆ ಛದದಲ್ಲಿ ಹೆಚ್ಚಾಗಿ ಹದಿನೆಂಟು: ಅಂಕೆಯ ಎಲೆ ಹನ್ನೆರಡು, ಪದವಿಯ ಎಲೆ ಆರು. ಚಾಮುಂಡೇಶ್ವರೀ ಛದದಲ್ಲಿ ಹದಿನಾರು ರಂಗು, 320 ಎಲೆ. ಅತ್ಯಂತ ದೊಡ್ಡ ಕಟ್ಟಿನಲ್ಲಿ ಹದಿನೆಂಟು ರಂಗು, 360 ಎಲೆ.

ಈ ಸಂಖ್ಯೆಗಳನ್ನು ಗಮನವಿಟ್ಟು ನೋಡಬೇಕು. ಜನಸಾಮಾನ್ಯರ ಕೈಯಲ್ಲಿ ಆಟ ಕಿರಿದಾಗುತ್ತ ಹೋಗುತ್ತದೆ. ಹೆಚ್ಚಿನದೆಲ್ಲ ಉದುರಿ ನೆನಪಿಗೆ ಎಟುಕುವಷ್ಟು ಉಳಿಯುತ್ತದೆ. ಅರಮನೆಯಲ್ಲಿ ಅದು ಹಿಗ್ಗುತ್ತದೆ. 360 ಎಲೆಗಳ ಕಟ್ಟನ್ನು ಹಿಡಿದು ಆಡುವುದು ಸಾಧ್ಯವಿಲ್ಲವೆಂದಲ್ಲ, ಸುಲಭವಲ್ಲ. ಅಲ್ಲಿ ಆಡುವುದಕ್ಕಿಂತ ಮಿಗಿಲಾದ ಇನ್ನೊಂದು ಉದ್ದೇಶ ಕೆಲಸ ಮಾಡಿದಂತಿದೆ. ದೇವತೆಗಳು, ಗ್ರಹಗಳು, ದಿಕ್ಕುಗಳು, ಪುರಾಣದ ವೀರರು ಇವರನ್ನೆಲ್ಲ ವರ್ಗ, ಸ್ಥಾನ, ಸಂಖ್ಯೆಗಳಿಗೆ ಒಳಪಡಿಸಿ ಸಾಲಾಗಿ ನಿಲ್ಲಿಸುವುದೇ ಆ ಉದ್ದೇಶ. 'ಶ್ರೀತತ್ತ್ವನಿಧಿ'ಯ ಪುಟಗಳು ಮಾಡುವುದೂ ಇದನ್ನೇ. ಆದ್ದರಿಂದ ಛದದ ಕಟ್ಟನ್ನು ಬಿಡಿ ಹಾಳೆಗಳ ಗ್ರಂಥವೆಂದೂ 'ಶ್ರೀತತ್ತ್ವನಿಧಿ'ಯನ್ನು ಹೊಲಿದು ಕಟ್ಟಿದ ಎಲೆಗಳೆಂದೂ ಭಾವಿಸಿದರೆ ತಪ್ಪಾಗಲಾರದು. ಅಧಿಕಾರ ಕಳೆದುಕೊಂಡ ಅರಸರು ಎಲೆಗಳಲ್ಲಿ ರಾಜ್ಯ ಕಟ್ಟಿದರು ಎಂಬ ವ್ಯಾಖ್ಯಾನ ಆಕರ್ಷಕವಾದುದು. ಆದರೆ ಅದಕ್ಕೆ ಪಠ್ಯದ ಆಧಾರ ಒದಗಿಸದೆ ಒಪ್ಪುವುದು ತರವಲ್ಲ. ಕೋಶರಚನೆಯ ಆಸ್ಥೆ ಎಂಬ ವಿವರಣೆಗೆ ಗ್ರಂಥವೇ ಆಧಾರವಾಗಿದೆ.

ಮುಮ್ಮಡಿಯವರ ಕ್ರೀಡಾಸಕ್ತಿ ಎಲೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ಚದುರಂಗದ ಕುದುರೆಯು 64 ಮನೆಗಳಲ್ಲಿ ಒಂದೊಂದಕ್ಕೂ ಒಮ್ಮೆ ಮಾತ್ರ ಹೋಗಿ ಬರುವ ಅಶ್ವಗತಿಯ ಲೆಕ್ಕಗಳಲ್ಲಿ ಅವರ ಸಾಧನೆ ಜಗತ್ತಿನ ಚದುರಂಗ ಚರಿತ್ರಕಾರರ ಗಮನ ಸೆಳೆದಿದೆ. ಒಂಬತ್ತನೆಯ ಶತಮಾನದ ರುದ್ರಟನ 'ಕಾವ್ಯಾಲಂಕಾರ'ದಲ್ಲಿ ಇದೇ ನಡೆಯನ್ನು ಅನುಸರಿಸಿ ಅಕ್ಷರಗಳನ್ನು ಜೋಡಿಸುವ ತುರಗಪದ ಬಂಧವಿದೆ ಎಂಬುದನ್ನು ನೆನೆದರೆ ಅಕ್ಷರ, ಅಂಕೆ, ಆಟಗಳನ್ನು ಒಂದೇ ಮನೆಯ ಮಕ್ಕಳೆಂದು ಕಾಣುವ ಹಳೆಯ ಪರಂಪರೆಯೊಂದು ಇಲ್ಲಿ ಮುಂದುವರಿದಿರುವುದು ಸ್ಪಷ್ಟವಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ತನ್ನ ಒಂದು ಭಾಗವನ್ನು ಕ್ರೀಡೆಗಳಿಗಾಗಿಯೇ ಮೀಸಲಿಟ್ಟಿತ್ತು. ಕನ್ನಡ ನಾಡಿನ ಅರಸರು ಆಟವನ್ನು ಗ್ರಂಥಕ್ಕೆ ತಕ್ಕ ವಿಷಯವೆಂದು ಎಣಿಸಿದುದು ಮುಮ್ಮಡಿಯವರಿಂದ ಮೊದಲಾದುದಲ್ಲ. ಮುಮ್ಮಡಿಯವರ ಮಣೆಯಾಟಗಳು ಮತ್ತು ಒಗಟುಗಳನ್ನು ಕುರಿತು ಆರ್. ವಸಂತ ಅವರು 2006ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಅಧ್ಯಯನವು ಲೇಡನ್ ಅವರ ಕೆಲಸದೊಡನೆ ಓದಬೇಕಾದುದು.

5. ಲೇಡನ್ ಅವರ ವಿಧಾನ: ಗುಣ ಮತ್ತು ಮಿತಿ

ಛದದ ಎಲೆಗಳನ್ನು ಪುಸ್ತಕದ ನೆರವಿಲ್ಲದೆ ಗುರುತಿಸುವುದು ಕಷ್ಟ. ರಂಗುಗಳು ಹೆಚ್ಚು, ದೇವತೆಗಳು ಹೆಚ್ಚು, ಪದವಿಯ ಎಲೆಗಳು ಹೆಚ್ಚು. ಕಟ್ಟಿನಿಂದ ಬೇರ್ಪಟ್ಟ ಒಂಟಿ ಎಲೆಯೊಂದು ಕೈಗೆ ಸಿಕ್ಕರೆ ಅದು ಸಣ್ಣ ದೇವತಾಚಿತ್ರದಂತೆ ತೋರುತ್ತದೆಯೇ ಹೊರತು ಯಾವ ಆಟದ, ಯಾವ ರಂಗಿನ, ಯಾವ ಸ್ಥಾನದ್ದೆಂದು ಹೇಳಲಾಗದು. ಲೇಡನ್ ಅವರು ಕೌತುಕನಿಧಿಯ ವಿವರಗಳನ್ನು ಉಳಿದಿರುವ ಎಲೆಗಳೊಡನೆ ಹೋಲಿಸಿ ಛದದ ಬಗೆಗಳನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ಗ್ರಂಥವು ಎಲೆಯನ್ನು ವಿವರಿಸಿತು. ಎಲೆಯು ಗ್ರಂಥದ ಮಾತನ್ನು ಪ್ರಮಾಣೀಕರಿಸಿತು.

ಅವರ ವಿಧಾನದ ಗುಣಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು, ಅವರು ಬಿಡಿ ಎಲೆಯನ್ನಲ್ಲದೆ ಇಡೀ ಕಟ್ಟನ್ನು ಅಧ್ಯಯನದ ಘಟಕವನ್ನಾಗಿ ಇಟ್ಟುಕೊಂಡರು. ಎರಡು, ದಂತದ ಎಲೆ ಮತ್ತು ಬಟ್ಟೆಯ ಎಲೆಗಳ ನಡುವೆ ಮೇಲುಕೀಳು ಮಾಡದೆ ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಿದರು. ಮೂರು, ಸಾವಂತವಾಡಿ, ಒಡಿಶಾ, ಬಿಷ್ಣುಪುರ, ಮೈಸೂರು ಮುಂತಾದ ಪ್ರದೇಶಗಳ ಗುರುತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ್ದರಿಂದ ಗಂಜೀಫಾವನ್ನು ಒಂದು ಊರಿನ ಕೈಕಸಬು ಎನ್ನುವ ಬದಲು ದೇಶವ್ಯಾಪಿಯಾದ ದೃಶ್ಯಭಾಷೆ ಎಂದು ಕಾಣುವುದು ಸಾಧ್ಯವಾಯಿತು. 1898ರಲ್ಲಿ ಅಮೆರಿಕದ ಸ್ಟುವರ್ಟ್ ಕ್ಯುಲಿನ್ ಚದುರಂಗ ಮತ್ತು ಆಟದೆಲೆಗಳನ್ನು ಕುರಿತು ಪ್ರಕಟಿಸಿದ ಹೆಸರಾಂತ ಕೃತಿ ಲೋಕದ ಆಟಗಳಿಗೆಲ್ಲ ಕಣಿ ಹೇಳುವ ಆಚರಣೆಗಳಲ್ಲಿ ಮೂಲ ಹುಡುಕಲು ಯತ್ನಿಸಿತ್ತು. ಲೇಡನ್ ಅವರು ಅಂತಹ ಮೂಲಾನ್ವೇಷಣೆಯ ಭಾರವನ್ನು ಹೊರದೆ ಕಣ್ಣಮುಂದಿರುವ ರೂಪಗಳ ಹೋಲಿಕೆಗೆ ಒತ್ತು ನೀಡಿದರು.

ಇನ್ನು ಮಿತಿಗಳು. ಅವರ ಸಮೀಕ್ಷೆಗೆ ಆಧಾರವಾದುದು ಉಳಿದುಬಂದ ಎಲೆಗಳು. ಆದರೆ ಉಳಿದುಬಂದ ಎಲೆಗಳು ಆಡಿದ ಎಲೆಗಳ ಪ್ರತಿನಿಧಿಗಳಲ್ಲ. ಚೆನ್ನಾಗಿ ಆಡಿದ ಕಟ್ಟು ಸವೆದು ಹರಿದುಹೋಗುತ್ತದೆ. ಆಡದೆ ಪೆಟ್ಟಿಗೆಯಲ್ಲಿಟ್ಟ ಕಟ್ಟು ಸಂಗ್ರಹಾಲಯಕ್ಕೆ ಸೇರುತ್ತದೆ. ಹೀಗಾಗಿ ಸಂಗ್ರಹವನ್ನು ಆಧರಿಸಿದ ಯಾವ ಚರಿತ್ರೆಯಲ್ಲಿಯೂ ಅರಮನೆಯ ಪಾಲು ಹೆಚ್ಚು, ಪೇಟೆಬೀದಿಯ ಪಾಲು ಕಡಿಮೆ ಇರುವುದು ಅನಿವಾರ್ಯ. ಎಲೆಯನ್ನು ಯಾರು, ಯಾರೊಡನೆ, ಯಾವ ಹೊತ್ತಿನಲ್ಲಿ, ಯಾವ ಮಾತುಗಳೊಡನೆ ಆಡಿದರು ಎಂಬುದು ಎಲೆಯ ಮೇಲೆ ಬರೆದಿಲ್ಲ. ಇದು ಲೇಡನ್ ಅವರ ವೈಯಕ್ತಿಕ ದೋಷವಲ್ಲ, ಸಂಗ್ರಹ ವಿಧಾನದ ಸಹಜ ಮಿತಿ. ಅದನ್ನು ತುಂಬಬಹುದಾಗಿದ್ದ ಶಿಸ್ತು ಜಾನಪದವೇ ಆಗಿತ್ತು.

6. ಆಟಗಾರನಿಲ್ಲದ ಎಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಮುದ್ರಿತ ಎಲೆಗಳು ಅಗ್ಗವಾಗಿ ಬರತೊಡಗಿದ ಮೇಲೆ ಕೈಯಿಂದ ಬರೆದ 120 ಎಲೆಗಳ ಕಟ್ಟು 52 ಎಲೆಗಳ ಇಸ್ಪೀಟಿನ ಮುಂದೆ ನಿಲ್ಲಲಾರದೆ ಹಿಂದೆ ಸರಿಯಿತು. ಆದರೂ ಹಳೆಯ ಶಬ್ದಲೋಕ ಒಮ್ಮೆಲೇ ಅಳಿಯಲಿಲ್ಲ. ಯೂರೋಪಿನ ಎಲೆಯಲ್ಲಿರುವ ಯುವಕನನ್ನು ಕನ್ನಡಿಗರು ಇಂದಿಗೂ 'ಗುಲಾಮ' ಎನ್ನುತ್ತಾರೆ. ಇದೇ ಮಾತು ಮೊಗಲ್ ಗಂಜೀಫಾದಲ್ಲಿ ಒಂದು ರಂಗಿನ ಹೆಸರು. ಇಂತಹ ಪದಗಳ ಚರಿತ್ರೆಯನ್ನು ಊರೂರಿನ ಆಟಗಾರರ ಬಾಯಿಂದ ಸಂಗ್ರಹಿಸುವ ಕೆಲಸ ಇನ್ನೂ ಆಗಬೇಕಾಗಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಂಜೀಫಾಕ್ಕೆ ಮರುಹುಟ್ಟು ದೊರೆಯಿತು. ಸಾವಂತವಾಡಿಯಲ್ಲಿ ರಾಜಾ ಶಿವರಾಮ ಸಾವಂತ ಭೋಸಲೆ ಮತ್ತು ರಾಣಿ ಸತ್ವಶೀಲಾದೇವಿ ಅವರು ಅರಮನೆಯಲ್ಲಿಯೇ ಕುಶಲಕರ್ಮಿಗಳಿಗೆ ಆಸರೆ ನೀಡಿದರು. ಮೈಸೂರು ಪ್ರದೇಶದಲ್ಲಿ ಗಂಜೀಫಾ ರಘುಪತಿ ಭಟ್ಟ ಎಂದೇ ಹೆಸರಾದ ಕಲಾವಿದರು ಈ ಚಿತ್ರಕಲೆಗೆ ಹೊಸ ಜೀವ ತಂದರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಮರುಹುಟ್ಟು ಪಡೆದುದು ಚಿತ್ರವೇ ಹೊರತು ಆಟವಲ್ಲ ಎಂಬುದನ್ನು ಮರೆಯಬಾರದು. ಚಿತ್ರವನ್ನು ಗೋಡೆಗೆ ತೂಗುಹಾಕಲು ಕೊಳ್ಳುವವನಿಗೆ ದಶಾವತಾರದ ಹತ್ತು ರಾಜ ಎಲೆಗಳು ಸಾಕು. ನೂರು ಅಂಕೆಯ ಎಲೆಗಳು ಬೇಡ. ಹಿನ್ನೆಲೆಯ ಬಣ್ಣ ರಂಗಿನ ಗುರುತಾಗಿ ಉಳಿಯಬೇಕಾದ ಅಗತ್ಯವಿಲ್ಲ. ಮಂತ್ರಿ ಕುದುರೆಯಿಂದ ಇಳಿದರೂ ಯಾರೂ ಕೇಳುವುದಿಲ್ಲ. ಆಟ ನಿಂತ ಮೇಲೆ ವಿನ್ಯಾಸವನ್ನು ಹಿಡಿದಿಟ್ಟಿದ್ದ ನಿಯಮವೂ ಸಡಿಲವಾಗುತ್ತದೆ. ಆಗ ಎಲೆಯು ಎಲೆಯಾಗಿ ಉಳಿಯದೆ ದುಂಡಗಿನ ಕಿರುಚಿತ್ರವಾಗುತ್ತದೆ.

ಇದಕ್ಕೆ ತೀರ ಭಿನ್ನವಾದ ಚಿತ್ರವನ್ನು ನಮ್ಮ ಹಳ್ಳಿಗಳ ಮಣೆಯಾಟಗಳಲ್ಲಿ ಕಾಣಬಹುದು. ಚೌಕಾಬಾರದ ಮನೆಗಳನ್ನು ಜಗಲಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಗೀಚುತ್ತಾರೆ. ಆಟ ಮುಗಿದ ಮೇಲೆ ಅಳಿಸುತ್ತಾರೆ. ಹುಲಿಕುರಿ ಆಟಕ್ಕೆ ಗುಡಿಯ ಕಲ್ಲುಚಪ್ಪಡಿಯ ಮೇಲೆ ಕೊರೆದ ಗೆರೆಗಳು ಸಾಕು. ಅಳಿಗುಳಿಮಣೆಗೆ, ತುಳುನಾಡಿನ ಚೆನ್ನೆಮಣೆಗೆ ಹುಣಸೆ ಬೀಜವೋ ಮಂಜೊಟ್ಟಿ ಕಾಯಿಯೋ ಆದೀತು. ಇಲ್ಲಿ ಚಿತ್ರಕಲೆ ಎನ್ನುವಂತಹುದು ಕಡಿಮೆ, ಆಟಗಾರರು ಉಳಿದಿದ್ದಾರೆ. ಗಂಜೀಫಾದಲ್ಲಿ ಚಿತ್ರಕಲೆ ಉಳಿದಿದೆ, ಆಟಗಾರರಿಲ್ಲ. ಮೊದಲನೆಯದನ್ನು ಜಾನಪದವೆಂದೂ ಎರಡನೆಯದನ್ನು ಲಲಿತಕಲೆಯೆಂದೂ ಹಂಚಿಕೊಂಡು ನಾವು ನೆಮ್ಮದಿಯಾಗಿದ್ದೇವೆ. ಈ ಹಂಚಿಕೆಯಿಂದ ಎರಡಕ್ಕೂ ನಷ್ಟವಾಗಿದೆ. ಗುಡಿಯ ಚಪ್ಪಡಿಯ ಮೇಲಿನ ಗೆರೆಗಳೂ ವಿನ್ಯಾಸವೇ ಎಂದು ಅಳೆದು ದಾಖಲಿಸುವವರಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಚಪ್ಪಡಿಯನ್ನು ಕಿತ್ತು ಹೊಸ ಕಲ್ಲು ಹಾಸಿದಾಗ ಅವು ಸದ್ದಿಲ್ಲದೆ ಹೋಗುತ್ತವೆ. ಗಂಜೀಫಾ ಎಲೆಯನ್ನು ಹಿಡಿದು ಆಡುವುದು ಹೇಗೆಂದು ಕೇಳುವವರಿಲ್ಲ.

7. ಸಮಾರೋಪ

ಲೇಡನ್ ಅವರ ಜೀವನಕಾರ್ಯದಿಂದ ಜಾನಪದ ಅಧ್ಯಯನವು ಕಲಿಯಬೇಕಾದುದು ಕೆಲವಿದೆ. ಆಟದ ಸಲಕರಣೆಯ ರೂಪವು ನಿಯಮದ ಇನ್ನೊಂದು ಮುಖ. ಆದ್ದರಿಂದ ಆಟವೊಂದನ್ನು ದಾಖಲಿಸುವಾಗ ನಿಯಮವನ್ನು ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ ಅಳತೆ, ಬಣ್ಣ, ಗುರುತು, ವಸ್ತು, ತಯಾರಿಕೆಯ ಕ್ರಮಗಳನ್ನು ದಾಖಲಿಸಬೇಕು. ಅಂತೆಯೇ ಸಂಗ್ರಹಾಲಯದ ಎಲೆಗಳ ಸೂಚಿಯಲ್ಲಿ ಕಾಲ, ವಸ್ತು, ಶೈಲಿಗಳ ಜೊತೆಗೆ ರಂಗು, ಸ್ಥಾನ, ಆಡುವ ಕ್ರಮಗಳೂ ಬರಬೇಕು. ಕೌತುಕನಿಧಿಯ ಛದ ಭಾಗವನ್ನು ಕನ್ನಡದ ಅರ್ಥವಿವರಣೆಯೊಡನೆ, ಚಿತ್ರಗಳೊಡನೆ, ಆಡಿ ನೋಡಲು ಅನುವಾಗುವಂತೆ ನಿಯಮಗಳೊಡನೆ ಜನರ ಕೈಗೆ ತಲುಪಿಸುವ ಕೆಲಸವನ್ನು ನಮ್ಮ ಅಕಾಡೆಮಿಗಳು ಮತ್ತು ವಿಶ್ವವಿದ್ಯಾಲಯಗಳು ಕೂಡಿ ಕೈಗೊಳ್ಳಬಹುದು. ಆಡಿ ನೋಡುವುದೂ ಸಂಶೋಧನೆಯ ಒಂದು ವಿಧಾನವೇ. 360 ಎಲೆಗಳ ಕಟ್ಟು ಆಟಕ್ಕೆ ಒಗ್ಗುತ್ತದೆಯೇ, ಇಲ್ಲವೇ ಅದು ಕೋಶದ ಕಲ್ಪನೆ ಮಾತ್ರವೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಎಲೆ ಹಂಚಿದ ಮೇಲೆಯೇ.

ಹೊರನಾಡಿನಿಂದ ಬಂದು ವಾಣಿಜ್ಯ ಕಲೆಯಲ್ಲಿ ದುಡಿದ ಒಬ್ಬರು ತಮ್ಮ ಬಿಡುವಿನ ವೇಳೆಯಲ್ಲಿ ಮೈಸೂರಿನ ಎಲೆಗಳಿಗೆ ಒಂದು ಪುಸ್ತಕ ಕೊಟ್ಟರು. ಅವರು ಎಲೆಯನ್ನು ಗ್ರಂಥದೊಡನೆ ಜೋಡಿಸಿದರು. ಅದನ್ನು ಆಟಗಾರನೊಡನೆ ಜೋಡಿಸುವ ಕೆಲಸ ಕನ್ನಡ ಬಲ್ಲ ಕ್ಷೇತ್ರಕಾರ್ಯಕರ್ತರದು. ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಅರೆಬರೆ ಕಟ್ಟುಗಳು ಇನ್ನೂ ದೊರೆಯಬಹುದು. ಅಜ್ಜಂದಿರು ಆಡುತ್ತಿದ್ದುದನ್ನು ಕಂಡವರ ನೆನಪು ಅಲ್ಲಲ್ಲಿ ಉಳಿದಿರಬಹುದು. ಎಲೆಗಳು ದಂತದವಾದರೆ ಶತಮಾನ ಕಾಯುತ್ತವೆ, ನೆನಪು ಅಷ್ಟು ಕಾಲ ಕಾಯುವುದಿಲ್ಲ. ಆದ್ದರಿಂದ ಆದ್ಯತೆ ಯಾವುದಕ್ಕೆ ಸಲ್ಲಬೇಕೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.